ಪಂಪ್‌ಸೆಟ್ಟಿನ ಮೋಟರಿನಲ್ಲಿ ಸಾಪೇಕ್ಷತೆಯ ಕೆಲಸ

ಬೇಸಿಗೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಡಿಕೆ ತೋಟಕ್ಕೆ ನೀರು ಹೊಡೆಯುವ ಕಾಲ, ವೋಲ್ಟೇಜು ಸಾಲದು, ಮೋಟರುಗಳು ಸಾಲುಸಾಲಾಗಿ ಸುಟ್ಟು ಬರುತ್ತವೆ. ಅಲ್ಲಿ ಕುಳಿತು ಕೆಲಸ ನೋಡುವುದು ಒಳ್ಳೆಯ ಪಾಠ. ಕರಿಕಾದ ಹಳೇ ತಂತಿ ಕಿತ್ತು ತೆಗೆದು, ಸ್ಲಾಟುಗಳಿಗೆ ಹಾಳೆ ಹಾಸಿ, ಹೊಸ ಕಾಯಿಲ್ಲುಗಳನ್ನು ಕೂರಿಸುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಸ್ಲಾಟಿನಿಂದ ಹೊರಗೆ ಉಳಿದ ತಂತಿಯ ಕಟ್ಟನ್ನು ದಾರ ಹಾಕಿ ಬಿಗಿಯಾಗಿ, ಹೂಮಾಲೆ ಕಟ್ಟುವವರ ಕೈಚಳಕದಲ್ಲಿ, ಗಂಟು ಹಾಕುತ್ತಾ ಸುತ್ತ ಬರುತ್ತಾರೆ. ಮೇಲೆ ವಾರ್ನಿಷ್ ಸುರಿದು ಕಾಯಿಸುತ್ತಾರೆ. ಯಾಕೆ ಇಷ್ಟು ಬಿಗಿ ಎಂದು ಕೇಳಿದರೆ ಉತ್ತರ ಸಿದ್ಧ ಇರುತ್ತದೆ: "ಇಲ್ಲಾಂದ್ರೆ ತಂತಿ ಅಲ್ಲಾಡ್ತವೆ ಸಾರ್. ಒಂದಕ್ಕೊಂದು ಉಜ್ಜಿ ಶಾರ್ಟ್ ಆಗ್ತದೆ."

ತಂತಿ ಅಲ್ಲಾಡುವುದು ನಿಜ, ಅದಕ್ಕೆ ಪಂಪಿನ ನಡುಕವೊಂದೇ ಕಾರಣವಲ್ಲ. ಪಕ್ಕಪಕ್ಕದ ಎರಡು ತಂತಿಗಳಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿದರೆ ಅವು ಒಂದನ್ನೊಂದು ಎಳೆಯುತ್ತವೆ. ವಿರುದ್ಧ ದಿಕ್ಕಿಗೆ ಹರಿದರೆ ತಳ್ಳುತ್ತವೆ. ನಮ್ಮ ಮನೆಗೆ ಬರುವ 50 ಹರ್ಟ್ಸ್ ಕರೆಂಟಿನಲ್ಲಿ ಈ ಎಳೆತ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಸ್ವಿಚ್ ಹಾಕಿದ ಕ್ಷಣ ಮೋಟರು ಮಾಮೂಲಿಗಿಂತ ಆರು ಪಟ್ಟು ಕರೆಂಟು ಎಳೆದರೆ ತಂತಿಗಳ ನಡುವಿನ ಬಲ 36 ಪಟ್ಟಾಗುತ್ತದೆ, ಏಕೆಂದರೆ ಬಲ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ದಾರ, ವಾರ್ನಿಷ್ ಎಲ್ಲವೂ ಈ ಬಲವನ್ನು ತಡೆದುಕೊಳ್ಳಲಿಕ್ಕೆ.

ಇದರಲ್ಲಿ ವಿಚಿತ್ರ ಏನೆಂದರೆ, ಆ ತಂತಿಗಳಲ್ಲಿ ಹೆಚ್ಚುವರಿ ವಿದ್ಯುದಾವೇಶ ಎನ್ನುವುದೇ ಇಲ್ಲ. ತಾಮ್ರದಲ್ಲಿ ಎಷ್ಟು ಋಣ ಆವೇಶವೋ ಅಷ್ಟೇ ಧನ ಆವೇಶ. ಕರೆಂಟು ಹರಿಯುವಾಗಲೂ ಲೆಕ್ಕ ಸಮ. ಹಾಗಿದ್ದರೆ ಎಳೆಯುವುದು ಯಾವುದು?

ಶಾಲೆಯಲ್ಲಿ ಕೊಡುವ ಉತ್ತರ "ಕಾಂತಕ್ಷೇತ್ರ". 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಪ್ರಕಟಿಸಿದ. ಸುದ್ದಿ ಪ್ಯಾರಿಸ್ ಮುಟ್ಟಿದ ಕೆಲವೇ ವಾರಗಳಲ್ಲಿ ಆಂಪೇರ್ ಎರಡು ತಂತಿಗಳ ನಡುವಿನ ಎಳೆತವನ್ನು ತೋರಿಸಿದ. ಅಂದಿನಿಂದ ನಿಯಮ ಹೀಗೆ: ಚಲಿಸುವ ಆವೇಶ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಚಲಿಸುವ ಇನ್ನೊಂದು ಆವೇಶಕ್ಕೆ ಆ ಕ್ಷೇತ್ರದ ಬಲ ತಾಗುತ್ತದೆ. ನಿಂತ ಆವೇಶಕ್ಕೆ ತಾಗುವುದಿಲ್ಲ. ಸೂತ್ರ ಸರಿಯಾಗಿದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ "ಚಲಿಸುವ" ಎನ್ನುವ ಪದದ ಮೇಲೆ ಬೆರಳಿಟ್ಟು, ಯಾರ ಲೆಕ್ಕದಲ್ಲಿ ಎಂದು ಕೇಳಿದರೆ ಇಡೀ ಕಟ್ಟಡ ಅಲುಗುತ್ತದೆ.

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲಿನಲ್ಲಿ ಆವೇಶ ತುಂಬಿದ ಒಂದು ಗುಂಡನ್ನು ಸೀಟಿನ ಮೇಲೆ ಇಟ್ಟಿದ್ದೇವೆ ಎಂದುಕೊಳ್ಳಿ. ಎದುರು ಸೀಟಿನವರಿಗೆ ಗುಂಡು ನಿಂತೇ ಇದೆ. ಅವರ ಉಪಕರಣ ಬರೀ ವಿದ್ಯುತ್ ಕ್ಷೇತ್ರವನ್ನು ತೋರಿಸುತ್ತದೆ, ಕಾಂತಕ್ಷೇತ್ರ ಸೊನ್ನೆ. ಆನಂದಪುರದ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಅದೇ ಗುಂಡು ಓಡುತ್ತಿದೆ. ಓಡುವ ಆವೇಶ ಎಂದರೆ ಕರೆಂಟು, ಕರೆಂಟು ಎಂದರೆ ಕಾಂತಕ್ಷೇತ್ರ. ಅವರ ಉಪಕರಣ ಸಾಕಷ್ಟು ಸೂಕ್ಷ್ಮವಾಗಿದ್ದರೆ ಅದನ್ನು ತೋರಿಸಲೇಬೇಕು. ಗುಂಡು ಒಂದು, ನೋಡುವವರು ಇಬ್ಬರು. ಒಬ್ಬರಿಗೆ ಕಾಂತ ಉಂಟು, ಇನ್ನೊಬ್ಬರಿಗೆ ಇಲ್ಲ. ಯಾರು ಹೇಳುವುದು ಸರಿ?

ಇಬ್ಬರದೂ ಸರಿ. ಇದನ್ನು ಸಮಾಧಾನದ ಮಾತಾಗಿ ಬಿಡದೆ ಲೆಕ್ಕವಾಗಿ ತೋರಿಸಿದವನು ಐನ್‌ಸ್ಟೈನ್. ಸಾಪೇಕ್ಷತೆ ಎಂದ ಕೂಡಲೇ ರಾಕೆಟ್ಟು, ಅವಳಿ ಮಕ್ಕಳು, ಗಡಿಯಾರ ಎಂದು ಶುರುಮಾಡುವುದು ನಮ್ಮ ವಿಜ್ಞಾನ ಬರವಣಿಗೆಯ ಚಾಳಿ. 1905ರ ಅವನ ಮೂಲ ಲೇಖನದ ಶೀರ್ಷಿಕೆಯೇ ಚಲಿಸುವ ಕಾಯಗಳ ವಿದ್ಯುತ್ ಶಾಸ್ತ್ರದ ಬಗ್ಗೆ. ಮೊದಲ ಪ್ಯಾರಾದಲ್ಲಿ ಬರುವುದು ಒಂದು ಅಯಸ್ಕಾಂತ, ಒಂದು ವಾಹಕ. ಅವನ ಅಪ್ಪ ಮತ್ತು ಚಿಕ್ಕಪ್ಪ ಮ್ಯೂನಿಕ್‌ನಲ್ಲಿ ಡೈನಮೊ ಮಾಡುವ ಕಾರ್ಖಾನೆ ನಡೆಸಿದವರು, ಇವನು ಆಗ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರ. ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹರಿಯತೊಡಗಿ ಆಗಲೇ ಮೂರು ವರ್ಷವಾಗಿತ್ತು. ಡೈನಮೊ ಆ ಕಾಲದ ನಿತ್ಯದ ಯಂತ್ರ. ಅದರೊಳಗೊಂದು ಮುಜುಗರ ಅಡಗಿದೆ ಎಂದು ಅವನಿಗೆ ಕಂಡಿತು.

ಆ ಮುಜುಗರ ಯಾವುದೆಂದು ತಿಳಿಯಲು ಶರಾವತಿ ಕೊಳ್ಳಕ್ಕೆ ಇಳಿಯೋಣ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರಗಳು, ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಪೆನ್‌ಸ್ಟಾಕ್ ಕೊಳವೆಯಲ್ಲಿ ಬಿದ್ದ ನೀರು ಟರ್ಬೈನ್ ತಿರುಗಿಸುತ್ತದೆ, ಅದೇ ಶಾಫ್ಟಿನ ಮೇಲಿನ ರೋಟರ್ ತಿರುಗುತ್ತದೆ. ರೋಟರ್ ಎಂದರೆ ಅಲ್ಲಿ ದೊಡ್ಡ ವಿದ್ಯುತ್ ಕಾಂತ. ಕರೆಂಟು ಹುಟ್ಟುವ ಕಾಯಿಲ್ಲುಗಳು ಸುತ್ತಲಿನ ಸ್ಟೇಟರಿನಲ್ಲಿ ಕದಲದೆ ಕೂತಿವೆ. ಹಳೆಯ ಡಿ.ಸಿ. ಡೈನಮೊಗಳಲ್ಲಿ ಇದು ತಲೆಕೆಳಗು: ಅಯಸ್ಕಾಂತ ನಿಂತಿರುತ್ತದೆ, ಕಾಯಿಲ್ಲು ತಿರುಗುತ್ತದೆ. ಎರಡರಲ್ಲೂ ಕರೆಂಟು ಬರುತ್ತದೆ, ಆದರೆ ಹಳೆಯ ಸಿದ್ಧಾಂತ ಎರಡಕ್ಕೂ ಬೇರೆಬೇರೆ ಕಾರಣ ಹೇಳುತ್ತಿತ್ತು. ಕಾಯಿಲ್ಲು ಚಲಿಸಿದರೆ, ಅದರೊಳಗಿನ ಎಲೆಕ್ಟ್ರಾನುಗಳೂ ಜೊತೆಗೆ ಚಲಿಸುವುದರಿಂದ ಕಾಂತಬಲ ಅವನ್ನು ತಳ್ಳುತ್ತದೆ, ವಿದ್ಯುತ್ ಕ್ಷೇತ್ರದ ಪ್ರಶ್ನೆಯೇ ಇಲ್ಲ. ಅಯಸ್ಕಾಂತ ಚಲಿಸಿದರೆ, ಬದಲಾಗುವ ಕಾಂತಕ್ಷೇತ್ರ ಹೊಸದೊಂದು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ಎಲೆಕ್ಟ್ರಾನನ್ನು ತಳ್ಳುತ್ತದೆ. ತಿರುಗುವ ಚಲನೆಯ ಲೆಕ್ಕ ತುಸು ತೊಡಕಿನದು, ಐನ್‌ಸ್ಟೈನ್ ಆರಿಸಿಕೊಂಡದ್ದು ನೇರ ಚಲನೆಯನ್ನು. ಅಲ್ಲಿ ಕರೆಂಟು ಎರಡು ಸಂದರ್ಭದಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಮುಖ್ಯವಾಗುವುದು ಒಂದರ ಎದುರು ಇನ್ನೊಂದರ ಚಲನೆ ಮಾತ್ರ. ಹಾಗಿರುವಾಗ ಕಾರಣ ಮಾತ್ರ ಎರಡು ಯಾಕಿರಬೇಕು?

ಸಾಪೇಕ್ಷತೆ ಎಂಬ ಅವನ ದಾರಿ ಎಲ್ಲರಿಗೂ ಗೊತ್ತು: ಒಂದೇ ವೇಗದಲ್ಲಿ ನೇರ ಸಾಗುವ ಎಲ್ಲ ವೀಕ್ಷಕರಿಗೂ ಪ್ರಕೃತಿಯ ನಿಯಮಗಳು ಒಂದೇ, ನಿರ್ವಾತದಲ್ಲಿ ಬೆಳಕಿನ ವೇಗವೂ ಎಲ್ಲರಿಗೂ ಒಂದೇ. ಇದರಿಂದ ಹೊರಡುವ ಫಲಗಳಲ್ಲಿ ನಮಗೆ ಇಲ್ಲಿ ಬೇಕಾದದ್ದು ಒಂದು. ನಮ್ಮೆದುರು ಓಡುವ ವಸ್ತುವಿನ ಉದ್ದ, ಓಟದ ದಿಕ್ಕಿನಲ್ಲಿ, ಅದು ನಿಂತಾಗ ಇದ್ದುದಕ್ಕಿಂತ ಕಡಿಮೆ ಅಳತೆಗೆ ಸಿಗುತ್ತದೆ. ಜೊತೆಗೆ ಇನ್ನೊಂದು ಸಂಗತಿ ನೆನಪಿಡಬೇಕು: ಉದ್ದ ಕುಗ್ಗಿದರೂ ಆವೇಶ ಕುಗ್ಗುವುದಿಲ್ಲ. ಚಿನ್ನದ ಪರಮಾಣುವಿನ ಅತ್ಯಂತ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ವೇಗಕ್ಕೆ ತಕ್ಕಂತೆ ಆವೇಶ ಬದಲಾಗುವುದಿದ್ದರೆ ಚಿನ್ನದ ಪರಮಾಣು ತಟಸ್ಥವಾಗಿ ಉಳಿಯುತ್ತಿರಲಿಲ್ಲ, ಒಡವೆ ಮುಟ್ಟಿದವರಿಗೆಲ್ಲ ಶಾಕ್ ಹೊಡೆಯುತ್ತಿತ್ತು.

ಈಗ ತಂತಿಗೆ ಬರೋಣ. ಉದ್ದ ತಂತಿಯೊಂದು ಶಿವಮೊಗ್ಗದಿಂದ ಸಾಗರದ ಕಡೆಗೆ ಚಾಚಿದೆ. ಒಳಗೆ ಧನ ಅಯಾನುಗಳು, ಅಂದರೆ ಎಲೆಕ್ಟ್ರಾನು ಬಿಟ್ಟುಕೊಟ್ಟ ತಾಮ್ರದ ಪರಮಾಣುಗಳು, ಕೂತಲ್ಲೇ ಕೂತಿವೆ, ಎಲೆಕ್ಟ್ರಾನುಗಳು ಸಾಗರದ ಕಡೆಗೆ ತೆವಳುತ್ತಿವೆ. ನಾವು ನೆಲದ ಮೇಲೆ ನಿಂತು ನೋಡುವಾಗ ಮೀಟರಿಗೆ ಎಷ್ಟು ಅಯಾನೋ ಅಷ್ಟೇ ಚಲಿಸುವ ಎಲೆಕ್ಟ್ರಾನು, ತಂತಿ ತಟಸ್ಥ. ತಂತಿಯ ಪಕ್ಕದಲ್ಲಿ, ಹೊರಗೆ, ಇನ್ನೊಂದು ಎಲೆಕ್ಟ್ರಾನು ಅದೇ ದಿಕ್ಕಿಗೆ ಅದೇ ವೇಗದಲ್ಲಿ ಹೊರಟಿದೆ. ಅದರ ಜಾಗದಲ್ಲಿ ನಿಂತು ನೋಡಿ. ಅದಕ್ಕೆ ತಂತಿಯೊಳಗಿನ ಎಲೆಕ್ಟ್ರಾನುಗಳು ನಿಂತಂತೆ ಕಾಣುತ್ತವೆ, ಅಯಾನುಗಳೆಲ್ಲ ಹಿಂದಕ್ಕೆ, ಶಿವಮೊಗ್ಗದ ಕಡೆಗೆ, ಓಡುತ್ತಿವೆ. ಓಡುವ ಸಾಲು ಕುಗ್ಗುತ್ತದೆ, ಆದ್ದರಿಂದ ಮೀಟರಿಗೆ ಸಿಗುವ ಅಯಾನುಗಳ ಸಂಖ್ಯೆ ಸ್ವಲ್ಪ ಏರುತ್ತದೆ. ಅತ್ತ ಎಲೆಕ್ಟ್ರಾನುಗಳ ಸಾಲು ನಮಗೆ ಕುಗ್ಗಿ ಕಂಡಿತ್ತು, ಇದಕ್ಕೆ ಅದು ನಿಂತಿರುವುದರಿಂದ ಸಡಿಲವಾಗಿ ಕಾಣುತ್ತದೆ, ಮೀಟರಿಗೆ ಎಲೆಕ್ಟ್ರಾನು ಸ್ವಲ್ಪ ಕಡಿಮೆ. ಧನ ಹೆಚ್ಚು, ಋಣ ಕಡಿಮೆ: ತಂತಿ ಅದರ ಪಾಲಿಗೆ ತಟಸ್ಥವಲ್ಲ, ಧನ ಆವೇಶದ್ದು. ಎಲೆಕ್ಟ್ರಾನನ್ನು ಧನ ಆವೇಶ ಎಳೆಯದೆ ಬಿಡುತ್ತದೆಯೇ?

ಒಂದೇ ದಿಕ್ಕಿನ ಕರೆಂಟುಗಳು ಪರಸ್ಪರ ಎಳೆಯುವುದು ಇದೇ. ಹೊರಗಿನ ಆ ಒಂದು ಎಲೆಕ್ಟ್ರಾನಿನ ಬದಲು ಎರಡನೆಯ ತಂತಿಯ ಎಲೆಕ್ಟ್ರಾನುಗಳನ್ನೆಲ್ಲ ಇಡಿ, ಅವು ತಮ್ಮ ಜೊತೆಗೆ ತಾಮ್ರವನ್ನೂ ಎಳೆದು ತರುತ್ತವೆ. ನೆಲದ ಮೇಲೆ ನಿಂತ ನಾವು ಅದನ್ನು ಕಾಂತಬಲ ಎನ್ನುತ್ತೇವೆ. ಎಲೆಕ್ಟ್ರಾನಿನ ಲೆಕ್ಕಪುಸ್ತಕದಲ್ಲಿ ಅದು ಸಾದಾ ವಿದ್ಯುತ್ ಆಕರ್ಷಣೆ.

ಇಲ್ಲಿ ಚುರುಕಿನ ಓದುಗರು ಕೈ ಎತ್ತುತ್ತಾರೆ, ಎತ್ತಲೂಬೇಕು. ನೆಲದ ಮೇಲಿಂದ ನೋಡುವಾಗ ಎಲೆಕ್ಟ್ರಾನುಗಳು ಓಡುತ್ತಿವೆ ತಾನೆ? ಓಡುವ ಸಾಲು ಕುಗ್ಗುವುದಾದರೆ ಕರೆಂಟು ಹಾಯಿಸಿದ ಕೂಡಲೇ ತಂತಿ ನಮ್ಮ ಪಾಲಿಗೇ ಋಣವಾಗಬೇಕಿತ್ತಲ್ಲ? ಬಹಳ ವಿವರಣೆಗಳು ಈ ಪ್ರಶ್ನೆಯನ್ನು ಹಾರಿ ದಾಟುತ್ತವೆ. ಉತ್ತರ ಇದು: ಗಟ್ಟಿ ಸರಳಿನ ಉದ್ದ ಕುಗ್ಗುತ್ತದೆ, ಏಕೆಂದರೆ ಅದರ ಅಣುಗಳ ನಡುವಿನ ಅಂತರವನ್ನು ಒಳಗಿನ ಬಲಗಳೇ ಹಿಡಿದಿವೆ. ತಂತಿಯೊಳಗಿನ ಎಲೆಕ್ಟ್ರಾನುಗಳ ನಡುವೆ ಅಂಥ ಕೊಂಡಿ ಇಲ್ಲ. ಸ್ವಿಚ್ ಹಾಕಿದಾಗ ಅವೆಲ್ಲ ನಮ್ಮ ಲೆಕ್ಕದಲ್ಲಿ ಒಂದೇ ರೀತಿ ವೇಗ ಪಡೆಯುತ್ತವೆ, ಆದ್ದರಿಂದ ನಮ್ಮ ಅಳತೆಯಲ್ಲಿ ಅಂತರ ಹಿಂದಿನಷ್ಟೇ ಉಳಿಯುತ್ತದೆ. ತಮ್ಮತಮ್ಮ ಅಳತೆಯಲ್ಲಿ ಅವು ಮೊದಲಿಗಿಂತ ದೂರ ಸರಿದಿವೆ. ಎಲ್ಲಾದರೂ ಒಂದು ಕಡೆ ಎಲೆಕ್ಟ್ರಾನು ಜಾಸ್ತಿ ಸೇರಿದರೂ ಅವು ಒಂದನ್ನೊಂದು ದೂಡಿ ಸರಿಹೋಗುತ್ತವೆ. ತಂತಿ ತಟಸ್ಥವಾಗಿರುವುದನ್ನು ಸಾಪೇಕ್ಷತೆ ತಾನಾಗಿ ಕೊಡುವುದಿಲ್ಲ. ಅದು ಸರ್ಕೀಟು ಕೊಟ್ಟ ಷರತ್ತು.

ಇನ್ನು ದೊಡ್ಡ ಅನುಮಾನ. ಉದ್ದ ಕುಗ್ಗುವುದು ಬೆಳಕಿನ ವೇಗದ ಹತ್ತಿರ ಹೋದಾಗ ಅಲ್ಲವೇ? ತಂತಿಯ ಎಲೆಕ್ಟ್ರಾನು ಅಷ್ಟು ವೇಗವಾಗಿ ಹೋಗುತ್ತದೆಯೇ? ಇಲ್ಲ, ಮಳೆಗಾಲದ ಬಸವನಹುಳು ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಲೆಕ್ಕ ಹಾಕಿಯೇ ನೋಡೋಣ, ಇದು ಕೈಯಲ್ಲಿ ಮಾಡಬಹುದಾದ ಲೆಕ್ಕ. ಒಂದು ಘನ ಮೀಟರ್ ತಾಮ್ರದಲ್ಲಿ ಓಡಾಡಬಲ್ಲ ಎಲೆಕ್ಟ್ರಾನುಗಳು ಸುಮಾರು 8.5 × 10²⁸. ಮನೆ ವೈರಿಂಗಿಗೆ ಎಳೆಯುವ 2.5 ಚದರ ಮಿಲಿಮೀಟರ್ ತಂತಿಯಲ್ಲಿ 10 ಆಂಪೇರ್ ಹರಿದರೆ, ಎಲೆಕ್ಟ್ರಾನುಗಳ ಸರಾಸರಿ ತೆವಳುವಿಕೆ ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್. ನಮ್ಮದು ಎ.ಸಿ. ಕರೆಂಟಾದ್ದರಿಂದ ಆ ತೆವಳುವಿಕೆಯೂ ಮುಂದೆ ಸಾಗುವುದಿಲ್ಲ, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಜಾಗದಲ್ಲಿ ಹಿಂದೆ ಮುಂದೆ ಆಡುತ್ತದೆ. ಶರಾವತಿಯಲ್ಲಿ ಹೊರಟ ಎಲೆಕ್ಟ್ರಾನು ನಿಮ್ಮ ಮಿಕ್ಸಿಗೆ ಎಂದೂ ಬಂದು ಮುಟ್ಟಿಲ್ಲ. ಬರುವುದು ಶಕ್ತಿ.

ಸೆಕೆಂಡಿಗೆ 0.3 ಮಿಲಿಮೀಟರ್ ವೇಗಕ್ಕೆ ಮೇಲೆ ಹೇಳಿದ ಏರುಪೇರು ಎಷ್ಟು? ವೇಗದ ವರ್ಗವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಸಿಗುವುದು 10⁻²⁴. ಅಂದರೆ 1ರ ಮುಂದೆ 24 ಸೊನ್ನೆ ಹಾಕಿ ಅಷ್ಟು ಪಾಲು ಮಾಡಿ, ಅದರಲ್ಲಿ ಒಂದು ಪಾಲು. ಅರ್ಧ ಅಯಾನಿನ ಕಡೆಯ ಏರಿಕೆಯಿಂದ, ಅರ್ಧ ಎಲೆಕ್ಟ್ರಾನಿನ ಕಡೆಯ ಇಳಿಕೆಯಿಂದ. ಇಷ್ಟು ಚಿಲ್ಲರೆ ವ್ಯತ್ಯಾಸ ಮೋಟರನ್ನು ತಿರುಗಿಸುತ್ತದೆ ಎಂದರೆ ಯಾರು ನಂಬುತ್ತಾರೆ?

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ದೊಡ್ಡ ತಕ್ಕಡಿಯ ಎರಡು ತಟ್ಟೆಗೂ ಗುಡ್ಡದಷ್ಟು ಚೀಲ ಪೇರಿಸಿ ಮುಳ್ಳು ಸರಿ ನಡುವೆ ನಿಂತಿದೆ ಎನ್ನಿ. ಒಂದು ಕಡೆಯಿಂದ ಒಂದು ಅಡಿಕೆ ತೆಗೆದರೂ ತೂಕದ ವ್ಯತ್ಯಾಸ ಒಂದು ಅಡಿಕೆಯಷ್ಟಾದರೂ ಇದ್ದೇ ಇರುತ್ತದೆ, ಎರಡೂ ಕಡೆಯ ಗುಡ್ಡ ಒಂದನ್ನೊಂದು ಹೊಡೆದುಹಾಕಿಕೊಂಡು ಕಣ್ಣಿಗೆ ಬೀಳುವುದು ಆ ಒಂದು ಅಡಿಕೆ ಮಾತ್ರ. ತಂತಿಯೊಳಗಿನ ಗುಡ್ಡ ಎಷ್ಟು ದೊಡ್ಡದು ಎಂದರೆ, ನಮ್ಮ ಆ ತಂತಿಯ ಒಂದೇ ಮೀಟರಿನಲ್ಲಿ ಚಲಿಸಬಲ್ಲ ಎಲೆಕ್ಟ್ರಾನುಗಳ ಆವೇಶ ಸುಮಾರು 34,000 ಕೂಲಂಬ್. ಮುಂಗಾರಿನ ಮೊದಲು ನಮ್ಮ ಗುಡ್ಡಗಳ ಮೇಲೆ ಅಪ್ಪಳಿಸುವ ಸಾಮಾನ್ಯ ಸಿಡಿಲೊಂದು ನೆಲಕ್ಕೆ ಇಳಿಸುವುದು ಹದಿನೈದು ಇಪ್ಪತ್ತು ಕೂಲಂಬ್. ಒಂದು ಮೀಟರ್ ದೂರದಲ್ಲಿಟ್ಟ ಒಂದೊಂದು ಕೂಲಂಬಿನ ಎರಡು ಆವೇಶಗಳ ನಡುವಿನ ಬಲ 900 ಕೋಟಿ ನ್ಯೂಟನ್, ಅಂದರೆ ಒಂಬತ್ತು ಲಕ್ಷ ಟನ್ನಿನ ಭಾರ. ವಿದ್ಯುತ್ ಬಲ ಅಷ್ಟು ಭೀಕರವಾದದ್ದು. ಧನ ಋಣ ಸಮವಾಗಿ ಬೆರೆತಿರುವುದರಿಂದ ನಾವು ಬದುಕಿದ್ದೇವೆ.

ಗುಣಿಸಿ ನೋಡಿ. ಎರಡು ಇಂಥ ತಂತಿಗಳು, ನಡುವೆ ಒಂದು ಮೀಟರ್, ಎರಡರಲ್ಲೂ 10 ಆಂಪೇರ್. 34,000 ಕೂಲಂಬಿನ 10⁻²⁴ ಭಾಗ ಮೊದಲ ತಂತಿಯಲ್ಲಿ ಮಿಕ್ಕ ಆವೇಶ. ಅದು ಎರಡನೆಯ ತಂತಿಯ ಪ್ರತಿ ಮೀಟರಿನ 34,000 ಕೂಲಂಬನ್ನು ಎಳೆಯುತ್ತದೆ. ಉದ್ದ ತಂತಿಯ ಸೂತ್ರದಂತೆ ಇವುಗಳನ್ನು ಗುಣಿಸಿ, 1.8 × 10¹⁰ರಿಂದ ಮತ್ತೆ ಗುಣಿಸಿದರೆ ಬರುವುದು ಮೀಟರಿಗೆ ಸುಮಾರು 2 × 10⁻⁵ ನ್ಯೂಟನ್. ಈಗ ಸಾಪೇಕ್ಷತೆಯನ್ನು ಮರೆತು ಪಿಯುಸಿ ಪುಸ್ತಕದ ಆಂಪೇರನ ಸೂತ್ರಕ್ಕೆ 10 ಆಂಪೇರ್ ಹಾಕಿ. ಉತ್ತರ ಅದೇ, 2 × 10⁻⁵. ಮೋಟರಿನೊಳಗೆ ತಂತಿಗಳ ನಡುವೆ ಮೀಟರ್ ಎಲ್ಲಿ, ಮಿಲಿಮೀಟರೂ ಇರುವುದಿಲ್ಲ, ಸುತ್ತುಗಳು ನೂರಾರು, ಮೇಲೆ ಕಬ್ಬಿಣದ ಸಹಾಯ ಬೇರೆ. ಹಾಗಾಗಿ ಬಲ ದಾರ ಕಟ್ಟಿ ತಡೆಯಬೇಕಾದಷ್ಟು ಬೆಳೆಯುತ್ತದೆ.

ಈ ಹೊಂದಾಣಿಕೆ ಕಾಕತಾಳೀಯವಲ್ಲ. ಕೂಲಂಬನ ನಿಯಮದ 9 × 10⁹ ಎಂಬ ಸಂಖ್ಯೆಯನ್ನು ಬೆಳಕಿನ ವೇಗದ ವರ್ಗವಾದ 9 × 10¹⁶ರಿಂದ ಭಾಗಿಸಿದರೆ 10⁻⁷ ಬರುತ್ತದೆ, ಕಾಂತದ ಸೂತ್ರಗಳಲ್ಲೆಲ್ಲ ಇಣುಕುವ ಸಂಖ್ಯೆ ಅದು. 1856ರಲ್ಲೇ ವೆಬರ್ ಮತ್ತು ಕೋಲ್‌ರೌಷ್ ಜರ್ಮನಿಯಲ್ಲಿ ವಿದ್ಯುತ್ತಿನ ಮತ್ತು ಕಾಂತದ ಏಕಮಾನಗಳ ಅನುಪಾತವನ್ನು ಅಳೆದಿದ್ದರು, ಅದರಲ್ಲಿ ಬೆಳಕಿನ ವೇಗ ಕೂತಿತ್ತು. ಕೆಲವೇ ವರ್ಷಗಳಲ್ಲಿ ಮ್ಯಾಕ್ಸ್‌ವೆಲ್ ಅದನ್ನು ಹಿಡಿದು ಬೆಳಕೇ ವಿದ್ಯುತ್ಕಾಂತೀಯ ಅಲೆ ಎಂಬಲ್ಲಿಗೆ ಮುಟ್ಟಿದ. ಐನ್‌ಸ್ಟೈನ್ ಮ್ಯಾಕ್ಸ್‌ವೆಲ್‌ನ ಸಮೀಕರಣಗಳನ್ನು ತಿದ್ದಲಿಲ್ಲ. ಅವು ಮೊದಲೇ ಸಾಪೇಕ್ಷತೆಗೆ ಒಪ್ಪುವಂತಿದ್ದವು, ತಿದ್ದಬೇಕಾಗಿ ಬಂದದ್ದು ನ್ಯೂಟನ್ನನ ಕಾಲ ಮತ್ತು ದೂರದ ಕಲ್ಪನೆಯನ್ನು.

ಇಷ್ಟಾದ ಮೇಲೆ ಹಲವರು ಒಂದು ಹೆಜ್ಜೆ ಮುಂದೆ ಹೋಗಿ, "ಹಾಗಾದರೆ ಕಾಂತ ಎನ್ನುವುದೇ ಇಲ್ಲ, ಎಲ್ಲ ವಿದ್ಯುತ್ತಿನ ಭ್ರಮೆ" ಎಂದುಬಿಡುತ್ತಾರೆ. ಕೇಳಲು ಚೆನ್ನ, ಒಪ್ಪಲು ಆಗದು. ರೈಲಿನ ಗುಂಡಿನ ವಿಷಯದಲ್ಲಿ ಅದು ನಿಜ, ಗುಂಡಿನ ಜೊತೆ ಹೊರಟರೆ ಕಾಂತಕ್ಷೇತ್ರ ಪೂರ್ತಿ ಮಾಯ. ತಂತಿಯ ವಿಷಯದಲ್ಲಿ ಹಾಗಲ್ಲ. ಎಲೆಕ್ಟ್ರಾನಿನ ಜಾಗದಿಂದ ನೋಡುವಾಗಲೂ ಅಯಾನುಗಳು ಹಿಂದಕ್ಕೆ ಓಡುತ್ತಿದ್ದವಲ್ಲ, ಅದೂ ಕರೆಂಟೇ, ಅದಕ್ಕೂ ಕಾಂತಕ್ಷೇತ್ರ ಉಂಟು. ನಮ್ಮ ಎಲೆಕ್ಟ್ರಾನು ತನ್ನ ಲೆಕ್ಕದಲ್ಲಿ ನಿಂತಿರುವುದರಿಂದ ಅದರ ಬಲ ತಾಗುವುದಿಲ್ಲ, ಅಷ್ಟೆ. ಗಣಿತ ಇದನ್ನು ಖಚಿತವಾಗಿ ಹೇಳುತ್ತದೆ: ವಿದ್ಯುತ್ ಕ್ಷೇತ್ರದ ವರ್ಗದಿಂದ, ಬೆಳಕಿನ ವೇಗದ ವರ್ಗದಿಂದ ಗುಣಿಸಿದ ಕಾಂತಕ್ಷೇತ್ರದ ವರ್ಗವನ್ನು ಕಳೆದರೆ ಉಳಿಯುವ ಮೊತ್ತ ಎಲ್ಲ ವೀಕ್ಷಕರಿಗೂ ಒಂದೇ. ತಟಸ್ಥ ತಂತಿಯ ಸುತ್ತ ಆ ಮೊತ್ತ ಋಣ. ಯಾವ ರೈಲು ಹತ್ತಿದರೂ, ಎಷ್ಟು ವೇಗದಲ್ಲಿ ಹೋದರೂ ಕಾಂತಕ್ಷೇತ್ರವನ್ನು ಸೊನ್ನೆ ಮಾಡಲಾಗದು.

ಉದ್ದ ಕುಗ್ಗುವ ಕತೆಗೂ ಮಿತಿ ಇದೆ. ಹೊರಗಿನ ಎಲೆಕ್ಟ್ರಾನು ತಂತಿಗೆ ಸಮಾನಾಂತರವಾಗಿ ಹೋಗದೆ ನೇರ ತಂತಿಯ ಕಡೆಗೇ ನುಗ್ಗಿದರೆ, ಬಲ ತಂತಿಯ ಉದ್ದಕ್ಕೆ ಬೀಳುತ್ತದೆ. ಸಾಲು ದಟ್ಟವಾಯಿತು, ಸಡಿಲವಾಯಿತು ಎಂಬ ಸರಳ ಮಾತು ಅಲ್ಲಿ ಸಾಲದು, ಓಡುವ ಆವೇಶದ ಕ್ಷೇತ್ರದ ಆಕಾರವೇ ಚಪ್ಪಟೆಯಾಗುವುದನ್ನು ಲೆಕ್ಕಕ್ಕೆ ತರಬೇಕು. ಒಟ್ಟಿನಲ್ಲಿ ಮೂಲ ವಸ್ತು ವಿದ್ಯುತ್ ಕ್ಷೇತ್ರವೂ ಅಲ್ಲ, ಕಾಂತಕ್ಷೇತ್ರವೂ ಅಲ್ಲ, ಆರು ಅಂಕಿಗಳಿಂದ ಸೂಚಿಸುವ ಒಂದೇ ವಿದ್ಯುತ್ಕಾಂತ ಕ್ಷೇತ್ರ. ಮೂರು ಅಂಕಿ ವಿದ್ಯುತ್ತಿನ ಕಡೆ, ಮೂರು ಕಾಂತದ ಕಡೆ ಎಂದು ಹಂಚುವುದು ನೋಡುವವರ ಚಲನೆಗೆ ತಕ್ಕಂತೆ ಬದಲಾಗುತ್ತದೆ.

ಹಾಗಾದರೆ ಕರೆಂಟೇ ಇಲ್ಲದ ಅಯಸ್ಕಾಂತ? ಮಲೆನಾಡಿನ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಕಲ್ಲಿನ ಮಗ್ಗುಲಿಗೆ ಕಪ್ಪು ಮರಳು ಗೆರೆಗಟ್ಟಿರುವುದುಂಟು. ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಅದರಲ್ಲಿ ಒಂದಿಷ್ಟು ಮೀಸೆಯಂತೆ ಹತ್ತಿಕೊಳ್ಳುತ್ತದೆ. ಹತ್ತಿಕೊಳ್ಳುವುದು ಮ್ಯಾಗ್ನಟೈಟ್, 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆದು ತೆಗೆಯುತ್ತಿದ್ದ ಅದಿರಿನ ಖನಿಜ. ಅದರಲ್ಲಿ ತಂತಿ ಇಲ್ಲ, ಬ್ಯಾಟರಿ ಇಲ್ಲ. ಅದರ ಕಾಂತತ್ವದ ಬಹುಪಾಲು ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣದ್ದು. 1925ರಲ್ಲಿ ಆ ಕಲ್ಪನೆ ಬಂದಾಗ, ಪುಟ್ಟ ಗೋಲಿ ಬುಗುರಿಯಂತೆ ತಿರುಗುತ್ತಿದೆ ಎಂದು ಲೆಕ್ಕ ಹಾಕಿದರೆ ಗೋಲಿಯ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತಿತ್ತು. ಆದ್ದರಿಂದ ಅಲ್ಲಿ ಆವೇಶ ಸುತ್ತುತ್ತಿದೆ ಎಂದು ಬಿಡಿಸಿ ಹೇಳಲು ಬಾರದು. 1928ರಲ್ಲಿ ಡಿರಾಕ್ ಕ್ವಾಂಟಮ್ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಸೇರಿಸಿ ಎಲೆಕ್ಟ್ರಾನಿಗೊಂದು ಸಮೀಕರಣ ಬರೆದಾಗ, ಸ್ಪಿನ್ನೂ ಅದರ ಕಾಂತತ್ವವೂ ಯಾರೂ ತುರುಕದೆ ಆ ಸಮೀಕರಣದಿಂದಲೇ ಹೊರಬಂದವು. ಮರಳಿನ ಕಾಂತಕ್ಕೂ ಸಾಪೇಕ್ಷತೆಯ ನಂಟಿದೆ, ಆದರೆ ಅದನ್ನು ಸಾಲು ಕುಗ್ಗಿಸಿ, ಅಯಾನು ಎಣಿಸಿ ಲೆಕ್ಕ ಹಾಕಲಾಗದು.